ಇಂಟು ಗುರುತು

ಹಾಳೆಯ ಮೇಲೆ ಒಂದೇ ಮಗು ಎರಡು ಸಲ ಅಚ್ಚಾಗಿದೆ,
ಮುಂದಿನಿಂದ ಒಮ್ಮೆ, ಬೆನ್ನಿನಿಂದ ಒಮ್ಮೆ.
ಬರೀ ಗೆರೆ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ.
ಕೈಗಳನ್ನು ಮೈಯಿಂದ ತುಸು ದೂರ ಹಿಡಿದು ನಿಂತಿದೆ,
ಈಗಷ್ಟೇ ಮಿಂದು ಟವೆಲಿಗೆ ಕಾಯುವಂತೆ.
ಪೆಟ್ಟಾದಲ್ಲಿ ಇಂಟು ಹಾಕಬೇಕು.
ಕಪ್ಪು ಪೆನ್ನೇ ಆಗಬೇಕು.

ಲೆರ್ವಿಕ್ ಬಂದರಿನ ಹಿಂದಿನ ಬೀದಿ, ನಮ್ಮ ಶಿಶುವಿಹಾರ.
ಜನವರಿಯಲ್ಲಿ ಒಂಬತ್ತಕ್ಕೆ ಬೆಳಕು, ಮೂರೂವರೆಗೆ ಕತ್ತಲೆ;
ನಡುವೆ ಗಾಳಿ ಬಾಗಿಲನ್ನು ಕೈಯಿಂದ ಕಸಿಯದಿದ್ದರೆ
ಮಕ್ಕಳನ್ನು ಅಂಗಳಕ್ಕೆ ಬಿಡುತ್ತೇವೆ.

ಹದಿನೇಳು ವರ್ಷದಿಂದ ಬರೆಯುತ್ತಿದ್ದೇನೆ:
ಮೊಣಕಾಲು, ಮೊಣಕಾಲು, ತುಟಿ, ಮೊಣಕಾಲು.
ಓಸ್ಲಾ: ಮರಳುಗುಂಡಿಯ ಅಂಚು ಬಡಿದು ಹಣೆ, ಗೋಲಿಯಷ್ಟು ಊತ,
ಹತ್ತು ನಿಮಿಷ ತಣ್ಣನೆ ಬಟ್ಟೆ, ಆಮೇಲೆ ಬಿಸ್ಕತ್ತು ಕೇಳಿದಳು.
ಬಿಸ್ಕತ್ತಿನ ಮಾತು ಬರೆಯಬಾರದು ಎನ್ನುತ್ತಾರೆ ಮೇಲಿನವರು.
ಬರೆಯುತ್ತೇನೆ. ಅಮ್ಮಂದಿರು ಮೊದಲು ಹುಡುಕುವುದು ಅದನ್ನೇ.
ಕಳೆದ ವರ್ಷ ಒಬ್ಬಳು ಮೂಗಿಗೆ ಬಟಾಣಿ ತುರುಕಿಕೊಂಡಳು;
ಮೂಗಿಲ್ಲದ ಮುಖದ ನಡುವೆ ಅಂದಾಜಿನ ಮೇಲೆ ಇಂಟು ಹಾಕಿದೆ.

ಇವತ್ತು ಕಚ್ಚಿದ್ದು.

ಬಲ ಮುಂಗೈ. ಮೇಲೆ ನಾಲ್ಕು ಹಲ್ಲು, ಕೆಳಗೆ ನಾಲ್ಕು.
ಚರ್ಮ ಒಡೆದಿಲ್ಲ. ಸೋಪು, ನೀರು, ತಣ್ಣನೆ ಬಟ್ಟೆ.
ಕಾರಣ: ಹಳದಿ ಟ್ರ್ಯಾಕ್ಟರು, ಚಕ್ರ ಮೂರೇ ಉಳಿದದ್ದು.
ಕಂಡವರು ಯಾರು?
ನನ್ನ ಹೆಸರು ಬರೆದು, ಪೆನ್ನೆತ್ತಿ, ಹಾಗೇ ಕೂತೆ.
ನಾನು ಇನ್ನೊಂದು ಮಗುವಿನ ಸಿಂಬಳ ಒರೆಸುತ್ತಿದ್ದೆ.
ಮೊದಲ ಚೀರು ಆಟದ್ದೆಂದುಕೊಂಡೆ,
ಎರಡನೆಯದಕ್ಕೆ ತಿರುಗಿದೆ.
ಕಂಡವಳಲ್ಲ, ಕೇಳಿದವಳು; ಅದೂ ತಡವಾಗಿ.
ಅದಕ್ಕೆ ಹಾಳೆಯಲ್ಲಿ ಸಾಲಿಲ್ಲ. ಅಂಚಿನಲ್ಲಿ ಬರೆದೆ.

ಕಚ್ಚಿಸಿಕೊಂಡವನು ರೈಟಿಸ್. ಲಾಟ್ವಿಯಾದಿಂದ ಬಂದು ಮೂರು ವಾರ.
ನಮ್ಮ ಮಾತಿನಲ್ಲಿ ಎರಡೇ ಪದ ಬಲ್ಲ: ಹಾಲು, ಇಲ್ಲ.
ಕಚ್ಚಿದವನ ಹೆಸರು ಹೇಳುವಂತಿಲ್ಲ, ಅದು ನಿಯಮ.
ಮೂರು ಗಂಟೆಗೆ ತಾಯಿ ಇಲ್ಜೆ ಬಂದಳು, ಮೀನಿನ ಕಾರ್ಖಾನೆಯಿಂದ,
ಕೂದಲಲ್ಲಿ ಇನ್ನೂ ಬಲೆಟೋಪಿಯ ಅಚ್ಚು.
'ಯಾರು?' ಎಂದಳು.
'ಇನ್ನೊಂದು ಮಗು' ಎಂದೆ,
ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ.
ರೈಟಿಸ್ ಕೈಯೆತ್ತಿ ತೋರಿಸಿ ಘೋಷಿಸಿದ:
'ಮ್ಯಾಗ್ನಿ!'
ದೂರಿನ ದನಿಯಲ್ಲ. ಸ್ನೇಹಿತ ಸಿಕ್ಕಿದವನ ದನಿ.
ಅವನ ಮೂರನೆಯ ಪದ.

ಸಹಿ ಹಾಕಲು ಇಲ್ಜೆ ಪೆನ್ನು ಹಿಡಿದಾಗ ಕಂಡೆ,
ತೋರುಬೆರಳಿಗೆ ನೀಲಿ ಪ್ಲಾಸ್ಟರು.
ಕಳಚಿ ಮೀನಿನೊಳಗೆ ಬಿದ್ದರೆ ಕಾಣಲೆಂದು ನೀಲಿ.
ಹುಡುಗ ತನ್ನ ಮುಂಗೈಯನ್ನು ಅದರ ಪಕ್ಕ ಇಟ್ಟು
ಅಳತೆ ನೋಡಿದ. ತನ್ನದೇ ದೊಡ್ಡದು.
ಇಬ್ಬರೂ ಒಪ್ಪಿದರು.

ಈಗ ಎರಡನೆಯ ಹಾಳೆ. ಕಚ್ಚಿದವನಿಗೂ ಒಂದು ತುಂಬಬೇಕು.
ಮ್ಯಾಗ್ನಿ ಮಾತಿನ ಮಲ್ಲ. ಬಂದರಿನ ದೋಣಿಗಳನ್ನೆಲ್ಲ
ಕೂಗಿನಿಂದಲೇ ಗುರುತಿಸಿ ಹೆಸರಿಡಿದು ಕರೆಯುವವನು.
ಇಷ್ಟು ಮಾತುಳ್ಳವನಿಗೆ ಹಲ್ಲೇಕೆ ಬೇಕಾಯಿತೋ.
ಆಗಿನಿಂದ ಕೋಟುಗಳ ಕೆಳಗೆ, ಒದ್ದೆ ಬೂಟುಗಳ ನಡುವೆ ಕೂತಿದ್ದಾನೆ,
ಎರಡೂ ಅಂಗೈ ಬಾಯಿಗೊತ್ತಿ.
ಹಾಲು ಕೊಟ್ಟರೆ ತಲೆಯಾಡಿಸುತ್ತಾನೆ.
ಒಳಗೆ ಏನನ್ನೋ ಕೂಡಿ ಹಾಕಿ
ಬಾಗಿಲು ಕಾಯುವವನಂತೆ.

ಪೆಟ್ಟಾದ ಜಾಗ?
ಬಾಯಿಲ್ಲದ ಮುಖದ ಮೇಲೆ ಕಪ್ಪು ಪೆನ್ನು ಸುಳಿದು,
ಎದೆಗಿಳಿದು, ವಾಪಸು ಬಂತು.
'ಗಾಯವಿಲ್ಲ' ಎಂದು ಬರೆದೆ. ಹೊಡೆದುಹಾಕಿದೆ.
ಅವನ ಪಕ್ಕ, ಬೂಟುಗಳನ್ನು ಸರಿಸಿ, ನೆಲಕ್ಕೆ ಕೂತೆ.
ಅವನಜ್ಜ ಬರುವುದು ತಡ. ಕಿಟಕಿ ಪೂರ್ತಿ ಕಪ್ಪಾಗಿತ್ತು.

ಬಂದರಿನಲ್ಲಿ ದೊಡ್ಡ ಹಡಗೊಂದು ಕೂಗಿತು.
ಬೆರಳ ಸಂದಿಯಿಂದ, ನನ್ನತ್ತ ನೋಡದೆ,
ಮೆಲ್ಲಗೆ ಹೇಳಿದ
ಅದರ ಹೆಸರು.